ಮಾತ್ರೆ ಕೊಟ್ಟ ಸಮಾಧಾನ

ಆ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬೇಗ ಬಂತು. ಶಿಕಾರಿಪುರದ ನಮ್ಮ ಬೀದಿಯಲ್ಲಿ ನೀರು ಬರುವುದು ಮೊದಲು ತಿಳಿಯುವುದು ಕಿವಿಗೆ. ಖಾಲಿ ಪೈಪಿನೊಳಗೆ ಯಾರೋ ಕೆಮ್ಮಿದಂತಾಗುತ್ತದೆ, ಆಮೇಲೆ ಗಾಳಿ, ಆಮೇಲೆ ಸ್ವಲ್ಪ ಕೆಂಪು ನೀರು, ಆಮೇಲೆ ತಿಳಿ. ಕೆಂಪನ್ನು ಗಿಡಕ್ಕೆ ಹಾಕಿ, ತಿಳಿಯಾದ ಮೇಲೆ ಕೊಡಗಳನ್ನು ತುಂಬಿ, ಕೊನೆಗೆ ಅತ್ತೆಯ ಪೂಜೆಯ ತಂಬಿಗೆಯನ್ನು ತುಂಬಿಸಿ ಕಿಟಕಿಯ ಕೆಳಗಿನ ಮಣೆಯ ಮೇಲಿಟ್ಟೆ. ಬಾಗಿಲ ಮುಂದೆ ನೀರು ಚಿಮುಕಿಸಿ ಒಂದು ಸಣ್ಣ ರಂಗೋಲಿ ಎಳೆದೆ. ಮೊದಲೆಲ್ಲ ನಾನು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಎದ್ದು ನಿಂತು ನೋಡಿ, ಮತ್ತೆ ಕೂತು ಸುತ್ತ ಒಂದು ಬಳ್ಳಿ ಸೇರಿಸಿ, ಬಳ್ಳಿಗೆ ಮೊಗ್ಗು ಸೇರಿಸಿ, ಹಾಲು ಹಾಕಲು ಬಂದವರು ಕಾಲು ಎಲ್ಲಿಡುವುದೆಂದು ಕೇಳುವಷ್ಟು ಬೆಳೆಸುತ್ತಿದ್ದೆ. ಕೆಲವು ತಿಂಗಳಿಂದ ಸಣ್ಣದೇ ಸಾಕಾಗಿತ್ತು. ಸಾಕಾಯಿತಲ್ಲ ಎಂಬ ಬೇಸರವೂ ಇರಲಿಲ್ಲ.

ತಿಂಡಿಗೆ ಮಂಡಕ್ಕಿ ಒಗ್ಗರಣೆ. ಅದು ಮಾಡಿದ ಕೂಡಲೇ ತಿನ್ನಬೇಕಾದದ್ದು, ತಡವಾದರೆ ಒದ್ದೆ ಹತ್ತಿಯ ಹಾಗಾಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುವುದು ಮಂಡಕ್ಕಿಯ ದಿನ ಮಾತ್ರ. ಅತ್ತೆ ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಬಂದು ಕೂತರು. ನನ್ನವರು ಪೇಪರನ್ನು ತೊಡೆಯ ಮೇಲಿಟ್ಟುಕೊಂಡರು. ಅವರದು ಎಪಿಎಂಸಿ ಹತ್ತಿರ ಬೀಜ, ಗೊಬ್ಬರದ ಅಂಗಡಿ. ಪಿಯುಸಿ ಎರಡನೇ ವರ್ಷದಲ್ಲಿದ್ದ ಮಗಳು ತಟ್ಟೆಯಿಂದ ಶೇಂಗಾ ಮಾತ್ರ ಆರಿಸಿ ಮೊದಲು ತಿಂದಳು, ಚಿಕ್ಕಂದಿನಿಂದಲೂ ಹಾಗೆಯೇ. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋಗಿಬರುತ್ತೇನೆಂದು ಅಜ್ಜಿಗೆ ಹೇಳಿದಳು, ಅಪ್ಪನಿಗೆ ಹೇಳಿದಳು, ನನ್ನ ಕಡೆ ತಲೆಯಾಡಿಸಿ ಹೊರಟಳು.

ಅವರೆಲ್ಲ ಎದ್ದ ಮೇಲೆ ನಾನು ಟೀಪುಡಿ ಡಬ್ಬಿಯ ಹಿಂದಿನಿಂದ ಮಾತ್ರೆಯ ಪಟ್ಟಿ ತೆಗೆದು ಒಂದನ್ನು ನುಂಗಿದೆ. ಅದು ರಕ್ತ ಕಡಿಮೆಯಿರುವುದಕ್ಕೆಂದು ಅತ್ತೆ ತಿಳಿದಿದ್ದರು. ನಾವೂ ಹಾಗೇ ತಿಳಿದಿರಲಿ ಎಂದು ಬಿಟ್ಟಿದ್ದೆವು.

ಅದು ಹೆದರಿಕೆಯ ಮಾತ್ರೆ. ಹಿಂದಿನ ವರ್ಷ ನನಗೆ ಕಾರಣವಿಲ್ಲದೆ ಎದೆ ಬಡಿದುಕೊಳ್ಳುವುದು ಶುರುವಾಗಿತ್ತು. ಗ್ಯಾಸ್ ಆರಿಸಿದ್ದೇನೆಂದು ಗೊತ್ತಿದ್ದರೂ ಮತ್ತೆ ಹೋಗಿ ನೋಡುವುದು, ಬಸ್ಸು ಹತ್ತಿದರೆ ಉಸಿರು ಕಟ್ಟಿದಂತಾಗಿ ಮುಂದಿನ ಸ್ಟಾಪಿನಲ್ಲೇ ಇಳಿಯುವುದು. ಸೊರಬದ ನನ್ನ ತವರಿಗೆ ಹೋಗಿ ಬರುವುದೂ ನಿಂತಿತ್ತು. ಮಗಳು ಐದು ನಿಮಿಷ ತಡವಾಗಿ ಬಂದರೆ ನಾನು ಬೀದಿಯ ತುದಿಯಲ್ಲಿ ನಿಂತಿರುತ್ತಿದ್ದೆ. ಮಾತ್ರೆ ಶುರುವಾಗಿ ಕೆಲವು ವಾರಗಳಲ್ಲಿ ಅದೆಲ್ಲ ಇಳಿಯಿತು. ಇಳಿದದ್ದು ನಿಜ, ಅದರಲ್ಲಿ ಎರಡು ಮಾತಿಲ್ಲ. ಶಿರಾಳಕೊಪ್ಪದ ಬಸ್ಸನ್ನು ನಾನೊಬ್ಬಳೇ ಹತ್ತಿ ಕಿಟಕಿಯ ಪಕ್ಕ ಕೂತ ದಿನ ನನ್ನವರು ಸ್ಟ್ಯಾಂಡಿನಲ್ಲಿ ನಿಂತು ಕಣ್ಣೊರೆಸಿಕೊಂಡರಂತೆ. ಅದನ್ನು ಅವರೇ ಆಮೇಲೆ ಹೇಳಿದರು. ನಾನು ಕೇಳಿಸಿಕೊಂಡು ಟೀ ಸೋಸಿದೆ.

ಇಳಿಯುವುದು ಎಲ್ಲಿಗೆ ನಿಲ್ಲಬೇಕೋ ಅಲ್ಲಿಗೆ ನಿಲ್ಲಲಿಲ್ಲ ಎಂದು ತೋರುತ್ತದೆ.

ನನ್ನ ತವರಿನವರು ಮಾಡಿಸಿಕೊಟ್ಟ ಚಿನ್ನದ ಓಲೆಯೊಂದು ಆ ಬೇಸಿಗೆಯಲ್ಲಿ ಪೇಟೆಯಲ್ಲೆಲ್ಲೋ ಬಿತ್ತು. ಮನೆಗೆ ಬಂದು ಕಿವಿ ಮುಟ್ಟಿಕೊಂಡಾಗ ಗೊತ್ತಾಯಿತು. ಪಕ್ಕದ ಮನೆಯಾಕೆ ಆಗ ನಮ್ಮ ಕಟ್ಟೆಯ ಮೇಲಿದ್ದರು, ಅತ್ತೆಯೂ ಇದ್ದರು. ಹೋಗಲಿ ಬಿಡಿ, ಬಿದ್ದದ್ದಕ್ಕೆ ಏನು ಮಾಡುವುದು ಎಂದು ನಾನು ಬೆಳ್ಳುಳ್ಳಿ ಬಿಡಿಸಲು ಕೂತೆ. ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು.

ಅತ್ತೆ ಚಿಕ್ಕಂದಿನಿಂದ ಲಿಂಗಪೂಜೆ ಬಿಡದವರು. ಆಸೆಯನ್ನು ಕಳೆದುಕೊಳ್ಳುವುದೇ ದೊಡ್ಡ ಸಂಪಾದನೆ ಎಂದು ಕೇಳುತ್ತ ಬೆಳೆದವರು, ಅದಕ್ಕಾಗಿ ನಿಜವಾಗಿ ಪ್ರಯತ್ನ ಪಟ್ಟವರು. ಚಿನ್ನ ಕಳೆದರೂ ಮುಖ ಬಾಡದ ಸೊಸೆಯನ್ನು ಕಂಡು ಅವರಿಗೆ ಬೇರೇನು ಹೊಳೆಯಬೇಕು? ಹುಣ್ಣಿಮೆಗೊಮ್ಮೆ ಸೇರುವ ಅಕ್ಕನ ಬಳಗದಲ್ಲಿ ಹೇಳಿದರು, "ಮನಸ್ಸು ಹಿಡಿಯಾಕೆ ನನಗೆ ಎಪ್ಪತ್ತು ವರ್ಷ ಸಾಲಲಿಲ್ಲ. ನನ್ನ ಸೊಸೆಗೆ ಒಂದು ವರ್ಷದಾಗ ಬಂತು ನೋಡ್ರಿ."

ಆಮೇಲಿಂದ ಹೆಂಗಸರು ನನ್ನ ಹತ್ತಿರ ಬಂದು ಕೂರತೊಡಗಿದರು. ಒಬ್ಬರಿಗೆ ನಾದಿನಿಯ ಮೇಲಿನ ಸಿಟ್ಟು, ಇನ್ನೊಬ್ಬರಿಗೆ ನಿದ್ದೆ ಬಾರದ್ದು. ನಾನು ಕೇಳುತ್ತಿದ್ದೆ, ಅಷ್ಟೆ. ನಡುವೆ ಬಾಯಿ ಹಾಕಬೇಕೆಂದು ಅನಿಸುತ್ತಿರಲಿಲ್ಲ. ಅದನ್ನೂ ಅವರು ನನ್ನ ಗುಣವೆಂದೇ ಎಣಿಸಿದರು. ನಿಮ್ಮ ಹತ್ತಿರ ಕೂತರೆ ತಣ್ಣಗಾಗುತ್ತದೆ ಎಂದು ಒಬ್ಬಾಕೆ ಹೋಗುವಾಗ ನನ್ನ ಕೈ ಒತ್ತಿದ್ದರು.

ಮಗಳಿಗೆ ಮಾತ್ರ ನಾನು ಹೀಗೆ ತಣ್ಣಗಿರುವುದು ಹಿಡಿಸಲಿಲ್ಲ. ಅವಳು ಕಾಲೇಜಿನ ಕೊಕ್ಕೋ ತಂಡದಲ್ಲಿದ್ದಳು. ಮೊದಲು ಒಂದು ಆಟವಾದರೆ ನಮ್ಮ ಅಡುಗೆಮನೆಯಲ್ಲಿ ಅದು ಎರಡನೇ ಸಲ ನಡೆಯುತ್ತಿತ್ತು. ಗ್ಯಾಸ್ ಸಿಲಿಂಡರ್ ಒಂದು ಕಂಬ, ಫ್ರಿಜ್ಜು ಇನ್ನೊಂದು ಕಂಬ. ನಾನೂ ಸೌಟು ಹಿಡಿದುಕೊಂಡೇ ಓಡುವವಳ ಪಾತ್ರ ವಹಿಸಿದ್ದುಂಟು. ಆ ವರ್ಷ ಸೊರಬದಲ್ಲಿ ನಡೆದ ಪಂದ್ಯದಲ್ಲಿ ಗೆದ್ದು, ಮೊಣಕಾಲಿನ ತುಂಬ ಮಣ್ಣು ಮೆತ್ತಿಕೊಂಡು ಬಂದು, ಕೊನೆಯ ನಿಮಿಷದಲ್ಲಿ ತಾನು ಹೇಗೆ ಬಗ್ಗಿ ತಪ್ಪಿಸಿಕೊಂಡೆನೆಂದು ಹೇಳಿದಳು. ಒಳ್ಳೇದಾಯ್ತು, ಕೈಕಾಲು ತೊಳ್ಕೊ ಎಂದೆ. ಒಳ್ಳೆಯದೆಂದು ನನಗೆ ಗೊತ್ತಿತ್ತು. ಗೊತ್ತಿರುವುದು ಒಂದು ಕಡೆಯಿತ್ತು, ಅದರಿಂದ ಎದ್ದು ಬರಬೇಕಾದ ಯಾವುದೋ ಒಂದು ಬರಲಿಲ್ಲ. ಅವಳು ಫ್ರಿಜ್ಜಿನ ಬಾಗಿಲು ತೆಗೆದು ನೀರಿನ ಬಾಟಲಿ ಎತ್ತಿಕೊಂಡಳು.

"ಅಮ್ಮ, ನಿಂಗೆ ಹೇಳೋದೂ ಒಂದೇ, ಈ ಫ್ರಿಜ್ಜಿಗೆ ಹೇಳೋದೂ ಒಂದೇ," ಎಂದಳು. "ಅದಾದ್ರೂ ಬಾಗ್ಲು ತೆಗೆದ್ರೆ ಲೈಟ್ ಹತ್ಕೊಳ್ಳುತ್ತೆ."

ಆ ದಿನದಿಂದ ಅವಳು ನನಗೆ ಏನನ್ನೂ ಹೇಳಲಿಲ್ಲ. ಜಗಳವಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು. ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಇದಕ್ಕೆ ನನಗೆ ದುಃಖವಾಗಬೇಕಿತ್ತು ಎಂದು ನಾನು ಲೆಕ್ಕ ಹಾಕಿದಂತೆ ಯೋಚಿಸಿದೆ. ಆಗಲಿಲ್ಲ. ಆಗ ಮೊದಲ ಸಲ ಅನುಮಾನ ಬಂತು. ಡಾಕ್ಟರಿಗೆ ಹೇಳಬೇಕೆಂದು ನಿಶ್ಚಯಿಸಿದ್ದು ಅದಕ್ಕೇ.

ನನ್ನವರಿಗೆ ಇದು ಬೇಡವಾಗಿತ್ತು. ಮಂಡಕ್ಕಿ ತಿಂದ ಆ ಬೆಳಿಗ್ಗೆ ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತ, ಅತ್ತೆಗೆ ಕೇಳಿಸದಂತೆ ಹೇಳಿದರು: "ಚೆನ್ನಾಗಿದ್ದೀಯಲ್ಲ. ಯಾಕೆ ಸುಮ್ನೆ ಕೆದಕ್ತೀಯ?"

ಅವರ ಹೆದರಿಕೆ ನ್ಯಾಯವಾದದ್ದೇ. ಬೀದಿಯ ತುದಿಯಿಂದ ನನ್ನನ್ನು ಕೈಹಿಡಿದು ಕರೆತಂದವರು ಅವರು. ಮಾತ್ರೆ ಕಡಿಮೆಯಾದರೆ ಆ ದಿನಗಳು ವಾಪಸು ಬರಬಹುದು, ಹಾಗೇ ಇದ್ದರೆ ಮಗಳು ವಾಪಸು ಬಾರದಿರಬಹುದು. ಶಿರಾಳಕೊಪ್ಪದ ಬಸ್ಸಿನಲ್ಲಿ ನಾನು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಯಾವ ಕಡೆಗೂ ಮನಸ್ಸು ಜಗ್ಗಲಿಲ್ಲ.

ಡಾಕ್ಟರು ಶಿವಮೊಗ್ಗದವರು, ವಾರಕ್ಕೊಮ್ಮೆ ಶಿರಾಳಕೊಪ್ಪಕ್ಕೆ ಬಂದು ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಕೂರುತ್ತಿದ್ದರು. ನಾವು ಆ ಊರನ್ನು ಆರಿಸಿಕೊಂಡದ್ದೇ ಅಲ್ಲಿ ಸಂತೆ ಇರುತ್ತದೆ ಎಂದು. ಕೈಯಲ್ಲಿ ಚೀಲವಿದ್ದರೆ ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಆದರೆ ಆ ಚೀಲ ತುಂಬಿಯೇ ವಾಪಸಾಗಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಡಾಕ್ಟರ ದಿನದ ಮಾರನೆಯ ದಿನ ಯಾವಾಗಲೂ ಬದನೆಕಾಯಿ ಎಣ್ಣೆಗಾಯಿ.

ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಕೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನಾನು ಓಲೆಯ ವಿಷಯ ಹೇಳಿದೆ, ರಂಗೋಲಿಯ ವಿಷಯ, ಕೊಕ್ಕೋ ವಿಷಯ. ಊಟ, ನಿದ್ದೆ, ಅಳು ಬರುತ್ತದೆಯೇ ಎಂದೆಲ್ಲ ಕೇಳಿದರು. ಈ ಆಸಕ್ತಿ ಹೋದದ್ದು ಮಾತ್ರೆಗೆ ಮುಂಚೆಯೋ ಆಮೇಲೆಯೋ ಎಂದು ಎರಡು ಮೂರು ಥರ ತಿರುಗಿಸಿ ಕೇಳಿದರು, ಏಕೆಂದರೆ ಕಾಯಿಲೆಯೇ ಅದನ್ನು ತಿಂದಿರಲೂಬಹುದಂತೆ. ಆಮೇಲೆಯೇ, ಹೆದರಿದ್ದ ದಿನಗಳಲ್ಲೂ ರಂಗೋಲಿ ದೊಡ್ಡದೇ ಇತ್ತು ಎಂದೆ. ಆಗ ಪೆನ್ನು ಕೆಳಗಿಟ್ಟರು.

"ಮನೇಲಿ ಅತ್ತೆ ಇದ್ದಾರಾ?"

ಇದ್ದಾರೆ, ಒಳ್ಳೆಯವರು ಎಂದೆ. ದೂರು ಕೇಳುತ್ತಿಲ್ಲ ಎಂದು ನಕ್ಕರು.

"ಒಳ್ಳೆ ಅತ್ತೆ ಅಂತಾನೇ ಇಟ್ಕೊಳ್ಳಿ. ಬೈಯಲ್ಲ, ಬೇಡ ಅನ್ನಲ್ಲ. ಆದ್ರೂ ಅವರು ಪಡಸಾಲೇಲಿ ಕೂತಿದ್ರೆ ಸೊಸೆ ಟಿವಿ ಸೌಂಡು ಜೋರು ಮಾಡ್ತಾಳಾ?"

ಇಲ್ಲ.

"ಸೆರೊಟೋನಿನ್ ಆ ಅತ್ತೆ. ಡೋಪಮಿನ್ ಸೊಸೆ."

ಮುಂದಿನದನ್ನು ಅವರು ಒಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಹೇಳಿದರು. ಎರಡೂ ಮಿದುಳಿನಲ್ಲಿ ನರದಿಂದ ನರಕ್ಕೆ ಸುದ್ದಿ ಒಯ್ಯುವ ರಸಗಳು. ಮಿದುಳಿನ ಆಳದಲ್ಲಿ ಒಂದು ಸಣ್ಣ ಜಾಗದಿಂದ ಡೋಪಮಿನ್‌ನ ನರಗಳು ಹೊರಟು ಮುಂದಕ್ಕೆ ಹೋಗುತ್ತವೆ. ಯಾವುದೋ ಒಂದು ಬೇಕು, ಇನ್ನೊಂದು ಸಲ ಬೇಕು, ಎದ್ದು ಹೋಗೋಣ ಎನ್ನಿಸುವುದರಲ್ಲಿ ಅದರ ಪಾಲು ದೊಡ್ಡದು. ಬೇರೊಂದು ಕಡೆಯಿಂದ ಹೊರಟ ಸೆರೊಟೋನಿನ್‌ನ ನರಗಳು ಡೋಪಮಿನ್ ನರಗಳು ಹುಟ್ಟುವಲ್ಲಿಗೂ ಬರುತ್ತವೆ, ಹೋಗಿ ಮುಟ್ಟುವಲ್ಲಿಗೂ ಬರುತ್ತವೆ. ಬಂದು ತಟ್ಟುವ ಬಾಗಿಲು ಒಂದೇ ಅಲ್ಲ. ಕೆಲವು ಬಾಗಿಲು ತಟ್ಟಿದರೆ ಡೋಪಮಿನ್ ತಗ್ಗುತ್ತದೆ, ಕೆಲವು ತಟ್ಟಿದರೆ ಏಳುತ್ತದೆ. ಅದೇ ಅತ್ತೆ ಹಬ್ಬದ ದಿನ ಬೀರುವಿನ ಬೀಗದಕೈ ಕೊಟ್ಟು ರೇಷ್ಮೆ ಉಟ್ಟುಕೊಂಡು ಬಾ ಅನ್ನುವುದಿಲ್ಲವೇ, ಹಾಗೆ ಎಂದರು. ನನ್ನ ಮಾತ್ರೆ ಮಾಡುವುದು, ಸೆರೊಟೋನಿನ್ ಬಂದ ದಾರಿಯಲ್ಲೇ ಬೇಗ ವಾಪಸು ಹೋಗದಂತೆ ತಡೆಯುವುದು. ಅದು ಉಳಿದಷ್ಟು ಹೊತ್ತು ಹೆದರಿಕೆ ಸುಮ್ಮನಿರುತ್ತದೆ. ಕೆಲವರಲ್ಲಿ ಅದರ ಜೊತೆಗೆ ಬೇಕೆನ್ನುವ ದನಿಯೂ ತಗ್ಗುತ್ತದೆ. ಎಲ್ಲರಲ್ಲೂ ಅಲ್ಲ, ಯಾರಲ್ಲಿ ಎಷ್ಟೆಂದು ಮೊದಲೇ ಹೇಳಲಾಗುವುದಿಲ್ಲ.

"ಪೂರ್ತಿ ಗೊತ್ತಿರೋ ವಿಷಯ ಅಂತ ಹೇಳಲ್ಲ ನಾನು," ಎಂದರು. "ನಿಮ್ಮ ತಲೆ ಒಳಗೆ ಇಣುಕಿ ನೋಡೋಕಂತೂ ಆಗಲ್ಲ. ನೀವು ಹೇಳಿದ್ದು ಕೇಳಿದ್ರೆ ಹಾಗನ್ಸುತ್ತೆ, ಅಷ್ಟೆ."

ನನಗೆ ನನ್ನ ಕಾನ್ವೆಂಟ್ ಹಾಸ್ಟೆಲಿನ ಗಂಟೆ ನೆನಪಾಯಿತು. ಸಂಜೆ ಆಟದ ಬಯಲಿನಲ್ಲಿ ಸಿಸ್ಟರ್ ಗಂಟೆ ಹೊಡೆದರೆ ಇದ್ದಲ್ಲೇ ನಿಲ್ಲಬೇಕು, ಅರ್ಧ ಆಡಿದ ಮಾತನ್ನೂ ಅರ್ಧಕ್ಕೇ ಬಿಡಬೇಕು. ಎಂಥ ಗದ್ದಲವಿದ್ದರೂ ಒಂದು ಕ್ಷಣದಲ್ಲಿ ಗಾಳಿಮರದ ಎಲೆ ಅಲುಗುವುದು ಕೇಳುತ್ತಿತ್ತು. ಆ ನಿಶ್ಶಬ್ದ ನನಗೆ ಇಷ್ಟವಿತ್ತು. ಆದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಟೆ ಆಗುತ್ತಿತ್ತು, ನಾವು ಮತ್ತೆ ಕಿರುಚಿಕೊಂಡು ಓಡುತ್ತಿದ್ದೆವು. ಈಗ ನಾನು ನಿಂತಲ್ಲೇ ನಿಂತಿದ್ದೆ, ಹಿತವಾಗಿಯೇ ಇತ್ತು, ಇನ್ನೊಂದು ಗಂಟೆ ಆಗಿರಲಿಲ್ಲ.

ಏನು ಮಾಡೋಣ ಎಂದು ಅವರು ನನ್ನನ್ನೇ ಕೇಳಿದರು. ಈ ಪ್ರಶ್ನೆಯನ್ನು ಡಾಕ್ಟರು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಕಡಿಮೆ ಮಾಡಿದರೆ ಹೆದರಿಕೆ ತಲೆಯೆತ್ತಬಹುದು, ಎತ್ತಿದರೆ ಬೇರೆ ದಾರಿಗಳಿವೆ, ನೀವಾಗಿಯೇ ಒಮ್ಮೆಲೇ ನಿಲ್ಲಿಸುವುದು ಮಾತ್ರ ಬೇಡ ಎಂದು ವಿವರಿಸಿದರು. ನಿಮಗೇನು ಬೇಕು ಎಂದು ಮತ್ತೆ ಕೇಳಿದರು. ಬೇಕು ಎನ್ನುವುದೇ ಬರುತ್ತಿಲ್ಲ ಎಂದಲ್ಲವೇ ನಾನು ಬಂದದ್ದು? ಆದರೂ ಬಾಯಲ್ಲಿ ಬಂದದ್ದು ಒಂದೇ ಮಾತು.

"ಮಗಳು ಹೇಳಿದ್ದು ನನಗೆ ತಟ್ಟಬೇಕು."

ಅವರು ಬರೆದುಕೊಟ್ಟರು. ಸ್ವಲ್ಪ ಸ್ವಲ್ಪವಾಗಿ ತಗ್ಗಿಸುವುದು, ನಡುನಡುವೆ ಬಂದು ತೋರಿಸುವುದು. ಇವತ್ತಿಗಿವತ್ತೇ ಏನೂ ಆಗುವುದಿಲ್ಲ, ವಾರಗಳು ಬೇಕು ಎಂದರು. ಹಾಗೇ ಆಯಿತು ಕೂಡ. ಮುಂದಿನ ತಿಂಗಳುಗಳಲ್ಲಿ ಹೆದರಿಕೆ ಎರಡು ಸಲ ಇಣುಕಿತು, ಮಾತ್ರೆ ಒಮ್ಮೆ ಬದಲಾಯಿತು. ಅದು ಬೇರೆಯೇ ಕತೆ.

ಸಂತೆಯಲ್ಲಿ ಬದನೆಕಾಯಿ ತೆಗೆದುಕೊಂಡೆ. ಹೇಳಿದ ರೇಟನ್ನೇ ಕೊಟ್ಟು ಹೊರಟ ನನ್ನನ್ನು ನೋಡಿ ಮಾರುವ ಹೆಂಗಸು, ತಾನೇ ಏನೋ ತಪ್ಪು ಮಾಡಿದವಳಂತೆ, ಎರಡು ಕಾಯಿ ಹೆಚ್ಚಿಗೆ ಚೀಲಕ್ಕೆ ಹಾಕಿದಳು.

ಆ ದಿನ ಹುಣ್ಣಿಮೆಯೂ ಆಗಿತ್ತು. ಸಂಜೆ ಅತ್ತೆಯ ಜೊತೆ ಬಳಗಕ್ಕೆ ಹೋದೆ. ಜಮಖಾನೆ ಹಾಸಿ, ಗೋಡೆಗೊರಗಿ ಹಿರಿಯರು, ನಡುವೆ ನಾವು. ಪ್ರಾರ್ಥನೆ ಮುಗಿದ ಮೇಲೆ ಬಳಗವನ್ನು ನಡೆಸುವ ನಿವೃತ್ತ ಟೀಚರು, ತಮಗೆ ಮಂಡಿನೋವಾಗಿ ಮುಂದಿನ ಸಲದಿಂದ ನಾನೇ ಮುಂದೆ ಕೂರಬೇಕೆಂದು ಎಲ್ಲರ ಪರವಾಗಿ ಹೇಳಿದರು. ಮೊದಲು ಎರಡು ಮಾತು ಆಡಲಿ, ಮನಸ್ಸನ್ನು ಹೇಗೆ ಹಿಡಿದರೆಂದು ತಿಳಿಸಲಿ ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಹೇಳಬಾರದೆಂದು ನಾನೇನೂ ತೀರ್ಮಾನಿಸಿರಲಿಲ್ಲ, ಹೇಳಬೇಕೆಂದೂ ಅಲ್ಲ. ನಾಚಿಕೆಯಾಗಬೇಕಿದ್ದ ಜಾಗದಲ್ಲಿ ನಾಚಿಕೆ ಇರಲಿಲ್ಲ, ಹಾಗಾಗಿ ಹೇಳುವುದು ಸುಲಭವಾಯಿತು.

"ನಾನೇನೂ ಹಿಡಿದಿಲ್ಲ. ಮಾತ್ರೆ ತಗೊಳ್ತೀನಿ. ಅದಕ್ಕೇ ಹೀಗಿದ್ದೀನಿ."

ಮೊದಲು ಒಬ್ಬರು ನಕ್ಕರು, ಇಬ್ಬರು ನಕ್ಕರು, ಎಲ್ಲರೂ ನಕ್ಕರು. ಟೀಚರು ಕೈಯೆತ್ತಿ ಸುಮ್ಮನಿರಿಸಿದರು.

"ಕೇಳಿದ್ರಾ? ಎಲ್ಲೂ ನಾನು ಮಾಡಿದೆ ಅನ್ನೋ ಮಾತೇ ಇಲ್ಲ. ನಿರಹಂಕಾರ ಅಂದ್ರೆ ಇದು ನೋಡ್ರಿ."

ನಾನು ಮತ್ತೊಮ್ಮೆ ಹೇಳಿದೆ. ಮತ್ತೂ ಮೆಚ್ಚಿಕೊಂಡರು. ಹಣ್ಣು, ಕಲ್ಲುಸಕ್ಕರೆ ಹಂಚಿದರು. ಅತ್ತೆ ಮಾತ್ರ ನಗದೆ, ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತಿದ್ದರು.

ವಾಪಸು ಬರುವಾಗ ಅವರು ನನ್ನ ತೋಳು ಹಿಡಿದುಕೊಂಡು ನಡೆದರು. ನಮ್ಮ ಬೀದಿಗೆ ತಿರುಗಿದೆವು.

"ರಕ್ತಕ್ಕೆ ಅಂದಿದ್ರಿ," ಎಂದರು.

"ಅಲ್ಲ ಅತ್ತೆ."

"ಹೂಂ."

ಸ್ವಲ್ಪ ದೂರ ನಡೆದರು. ಅವರ ಮುಖವನ್ನು ನಾನು ನೋಡಲಿಲ್ಲ, ಕೈಯ ಹಿಡಿತ ಮಾತ್ರ ಸಡಿಲಾಗಲಿಲ್ಲ.

"ಹಂಗಾದ್ರೆ ಆ ಓಲೆನ ಹುಡುಕ್ಸಬೇಕಿತ್ತಲ್ಲೇ," ಎಂದರು.

ಮನೆಯ ಹತ್ತಿರ ಬಂದಾಗ, ಬಳಗದಿಂದಲೇ ನಮ್ಮ ಹಿಂದೆ ಬರುತ್ತಿದ್ದ ಪಕ್ಕದ ಮನೆಯಾಕೆ ನಮ್ಮನ್ನು ಸೇರಿದರು. ಅತ್ತೆ ಒಳಗೆ ಹೋದರು. ಆಕೆ ಗೇಟಿನ ಚಿಲಕ ತೆಗೆಯುತ್ತ, ನಾಳೆ ನೀರು ಬರುತ್ತದೋ ಇಲ್ಲವೋ ಎಂದರು, ಇಡ್ಲಿ ಹಿಟ್ಟು ಉಕ್ಕಿ ಚೆಲ್ಲಿರುತ್ತದೆ ಎಂದರು. ನಾನು ಹೂಂ ಎನ್ನುತ್ತ ನಮ್ಮ ಮೆಟ್ಟಿಲು ಹತ್ತಿದ್ದೆ. ಆಗ ಆಕೆ ಒಳಗೆ ಕಾಲಿಡುತ್ತ, ನೆನಪಾದದ್ದನ್ನು ಹೇಳಿಬಿಡುವ ಹಾಗೆ ಹೇಳಿದರು:

"ನಿಮ್ ಮಗಳು ಜಿಲ್ಲಾ ಟೀಮಿಗೆ ಸೆಲೆಕ್ಟ್ ಆಗಿದ್ದು ಚಲೋ ಆತು ಬಿಡ್ರಿ. ಮೊನ್ನೆಯಿಂದ ನಮ್ಮನೆ ಅಡುಗೆಮನ್ಯಾಗೆ ಅದೇ ಆಟ, ನನ್ನೂ ಓಡಿಸ್ತಾಳೆ. ಸೊಂಟ ಹಿಡ್ಕೊಂಡೈತಿ ನೋಡ್ರಿ."